ಬಹುತೇಕ ಸೊನ್ನೆಯಿಂದ ಏರಿದ ಗೆರೆ

ಆ ನಾಲ್ಕು ಹಳೇ ಕಂಪ್ಯೂಟರುಗಳಿಗೆ ನಾನು ಕೊಟ್ಟದ್ದು ಎರಡು ಸಾವಿರದ ಆರುನೂರು ಯೂರೋ. ನಮ್ಮ ಮನೆಯಿರುವ, ಡಬ್ಲಿನ್ ಪಕ್ಕದ ಆಡಮ್ಸ್‌ಟೌನಿನಿಂದ ಗಾಲ್ವೇ ಊರಿನ ಪಾರ್ಕ್‌ಮೋರಿಗೆ ಹೋಗಿಬಂದ ವ್ಯಾನಿನ ಡೀಸೆಲ್ ಬೇರೆ. ಆ ಮಾಲು ಅಷ್ಟು ಬಾಳುತ್ತಿರಲಿಲ್ಲ. ಇದೇ ವ್ಯಾಪಾರದಲ್ಲಿ ಬದುಕು ಕಟ್ಟಿಕೊಂಡ ನಾನು ಎರಡು ಸಾವಿರ ದಾಟಬಾರದಿತ್ತು. ಆದರೂ ಕೊಟ್ಟೆ. ಏಕೆಂದರೆ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಲು ನನ್ನ ಹೆಂಡತಿಗೆ ಸರದಿ ಬರಲು ಹಿಡಿಯುತ್ತಿದ್ದ ಕಾಲಕ್ಕಿಂತ ಆಸ್ಪತ್ರೆಯವರು ಅವಳಿಗೆ ಹೇಳಿದ್ದ ಕಾಲ ಕಡಿಮೆಯಿತ್ತು.

ಬೆಲೆಯನ್ನು ಮೊದಲೇ ಹೇಳಿಬಿಡುವುದು ನನ್ನ ಪದ್ಧತಿ. ಕೊನೆಗೆ ಹೇಳುವವರ ಅಂಗಡಿಗೆ ನೀವೂ ಹೋಗಬೇಡಿ.

ನಾನು ಓದಿದ್ದು ಪಿಯುಸಿ ತನಕ, ಅದೂ ಒಂದು ವಿಷಯ ಬಾಕಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಮೆಟ್ಟಿಲ ಕೆಳಗಿನ ಜಾಗವನ್ನೇ ಅಂಗಡಿ ಮಾಡಿಕೊಂಡಿದ್ದ ಒಬ್ಬರ ಬಳಿ ಕಂಪ್ಯೂಟರ್ ಬಿಡಿಭಾಗ ಮಾರುವುದನ್ನು ಕಲಿತೆ. ಎಂ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಅಲ್ಲಿಗೆ ಹಾರ್ಡ್ ಡಿಸ್ಕ್ ಕೇಳಿಕೊಂಡು ಬಂದಳು. ಬೆಲೆ ಹೇಳಿದೆ. ಅವಳು “ಸರಿ” ಎಂದು ಪರ್ಸು ತೆಗೆದಳು. ನನಗೆ ಅವಮಾನವಾದಂತಾಯಿತು.

“ಏನ್ರೀ ಇದು, ಚೌಕಾಸಿ ಮಾಡಲ್ವಾ?”

“ಯಾಕೆ, ನೀವ್ ಹೇಳಿದ್ದು ಸುಳ್ಳು ಬೆಲೆನಾ?”

“ಎಲ್ರೂ ಕಮ್ಮಿ ಮಾಡಿ ಅಂತಾರೆ. ಅದಕ್ಕೆ ಸ್ವಲ್ಪ ಸೇರ್ಸಿ ಹೇಳ್ತೀವಿ.”

“ಹಾಗಾದ್ರೆ ಸೇರ್ಸಿದ್ದನ್ನ ನೀವೇ ತೆಗೀರಿ. ನಂಗ್ ಟೈಮಿಲ್ಲ.”

ತೆಗೆದೆ. ಎರಡು ವರ್ಷ ಕಳೆದ ಮೇಲೆ ಮದುವೆಯಾದೆವು. ಅವಳು ಪಿಎಚ್.ಡಿ.ಗೆಂದು ಐರ್ಲೆಂಡಿಗೆ ಬಂದಾಗ ಅವಳ ವೀಸಾದ ಬಾಲ ಹಿಡಿದುಕೊಂಡು ನಾನೂ ಬಂದೆ. ಇಲ್ಲಿ ನನ್ನ ಅರ್ಧ ಪಿಯುಸಿಯನ್ನು ನೋಡಿ ಯಾರೂ ಕೆಲಸ ಕೊಡಲಿಲ್ಲ. ಕೆಟ್ಟ ಲ್ಯಾಪ್‌ಟಾಪ್ ಕೊಂಡು, ಅಡುಗೆಮನೆಯ ಮೇಜಿನ ಮೇಲೆ ರಿಪೇರಿ ಮಾಡಿ, ಬೆಂಗಳೂರು ಮೈಸೂರುಗಳಿಂದ ಬರುವ ವಿದ್ಯಾರ್ಥಿಗಳಿಗೆ ಮಾರುತ್ತಾ ಒಂದು ವ್ಯಾನು, ಒಂದು ಸಣ್ಣ ಗೋದಾಮು ಮಾಡಿಕೊಂಡೆ. ಕೊರೋನಾ ಬಂದ ವರ್ಷ ಊರಿಗೆ ಊರೇ ಮನೆಯಲ್ಲಿ ಕೂತು ಕೆಲಸ ಮಾಡತೊಡಗಿತು. ನನ್ನ ಫೋನು ಕೆಳಗಿಡಲು ಆಗುತ್ತಿರಲಿಲ್ಲ. ಅವಳ ಪಿಎಚ್.ಡಿ. ಅಷ್ಟರಲ್ಲಿ ಮುಗಿದು, ಅದೇ ವಿಭಾಗದಲ್ಲಿ ಸಂಶೋಧಕಿಯಾಗಿದ್ದಳು. ನಾನು ಅವಳನ್ನು “ಡಾಕ್ಟ್ರೇ” ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು “ಸಾಹುಕಾರ” ಎನ್ನುತ್ತಿದ್ದಳು. ಇಬ್ಬರಿಗೂ ಅದರಲ್ಲಿ ಅರ್ಧ ತಮಾಷೆ, ಅರ್ಧ ಹೆಮ್ಮೆ.

ಅವಳ ಕೆಲಸ ನನಗೆ ಅರ್ಥವಾದದ್ದು ಆ ವರ್ಷದ ದೀಪಾವಳಿಯ ದಿನ, ಚಿರೋಟಿ ಮಾಡುವಾಗ. ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಆದರೂ ನಾನು ಇಪ್ಪತ್ತು ಜನಕ್ಕಾಗುವಷ್ಟು ಹಿಟ್ಟು ಕಲಸಿದ್ದೆ; ನನ್ನ ಕೈಗೆ ಸಣ್ಣ ಅಳತೆ ಬರುವುದಿಲ್ಲ. ಹಾಳೆ ಲಟ್ಟಿಸಿ, ತುಪ್ಪ ಅಕ್ಕಿಹಿಟ್ಟಿನ ಸಾಟಿ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸುತ್ತಿದ್ದೆ. ಅವಳು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

“ನೀನೀಗ ಮಾಡ್ತಿರೋದೇ ನನ್ ಕೆಲ್ಸ ಕಣೋ.”

“ಹಾಗಾದ್ರೆ ಅರ್ಧ ಸಂಬಳ ನಂಗೆ ಕೊಡೋಕೆ ಹೇಳು.”

“ಕೇಳಿಲ್ಲಿ. ಆ ಹಿಟ್ಟಲ್ಲಿ ಒಂದು ಸಣ್ಣ ರಬ್ಬರ್ ದಾರ ಸಿಕ್ಕಾಕೊಂಡಿದೆ ಅಂದ್ಕೋ. ಕಣ್ಣಿಗೂ ಕಾಣಲ್ಲ, ಅಷ್ಟು ಸಣ್ಣದು. ನೀನು ಲಟ್ಟಿಸಿದ್ರೆ ದಾರ ಏನಾಗುತ್ತೆ?”

“ಉದ್ದ ಆಗುತ್ತೆ.”

“ಉದ್ದ ಆದ್ರೆ ಬಿಗಿ ಆಗುತ್ತೆ. ಅದನ್ನ ಮಡಚಿ ಪಕ್ಕಕ್ಕೆ ಪಕ್ಕ ಇಟ್ರೆ ಒಂದು ದಾರ ಇದ್ದ ಕಡೆ ಎರಡು. ಮತ್ತೆ ಲಟ್ಟಿಸು, ಮತ್ತೆ ಮಡಚು. ನಾಲ್ಕು, ಎಂಟು. ನೀನು ದಾರ ಒಂದೂ ಸೇರ್ಸಿಲ್ಲ, ತಿಳೀತಾ? ಬರೀ ಕೈ ಆಡಿಸ್ತಿದೀಯ.”

ಗೆಲಾಕ್ಸಿಗಳ ನಡುವೆ ಖಾಲಿ ಎಂದು ನಾವು ತಿಳಿದುಕೊಂಡಿರುವ ಜಾಗದಲ್ಲಿ ವಿಪರೀತ ಕಾದ ಅನಿಲವಿದೆಯಂತೆ. ಅದರ ಪರಮಾಣುಗಳು ಒಡೆದು ಎಲೆಕ್ಟ್ರಾನುಗಳು ಬಿಡಿಯಾಗಿ ಓಡಾಡಿಕೊಂಡಿರುತ್ತವೆ. ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಅದು ಸುಮ್ಮನೆ ಕೂರುವುದಿಲ್ಲ, ಸುಳಿ ಸುಳಿಯಾಗಿ ಕಲಕುತ್ತಲೇ ಇರುತ್ತದೆ. ಅಲ್ಲಿ ಕಾಂತಕ್ಷೇತ್ರವೂ ಇದೆ, ಯಾರೋ ಆಯಸ್ಕಾಂತ ಇಟ್ಟು ಮರೆತುಹೋದ ಹಾಗೆ. ಅದು ಎಲ್ಲಿಂದ ಬಂತು ಎನ್ನುವುದು ಅವಳ ಪ್ರಶ್ನೆ. ಮೊದಲಿಗೆ ಇದ್ದದ್ದು ಇಲ್ಲವೇ ಇಲ್ಲ ಎನ್ನಬಹುದಾದಷ್ಟು ಸಣ್ಣ ಕ್ಷೇತ್ರ. ಅದಕ್ಕೆ ಅವರು ಬೀಜ ಎನ್ನುತ್ತಾರೆ. ಸುಳಿಗಳು ಅದನ್ನು ಎಳೆದು, ತಿರುಚಿ, ಮಡಚಿ ಬೆಳೆಸುತ್ತವೆ. ಬೆಳೆದು ಬೆಳೆದು ಒಂದು ಹಂತದಲ್ಲಿ ಅದು ಸುಳಿಗಳಿಗೇ ತಿರುಗಿ ಒತ್ತುವಷ್ಟು ಬಲವಾದಾಗ ಬೆಳವಣಿಗೆ ನಿಲ್ಲುತ್ತದೆ.

“ಲಟ್ಟಣಿಗೆಗೆ ಹಿಟ್ಟು ಬಗ್ಗಲ್ಲ ಅನ್ನೋ ಹೊತ್ತು,” ಎಂದಳು. “ನಾನು ಕಾಯ್ತಿರೋದು ಆ ಹೊತ್ತಿಗೆ.”

ಅವತ್ತು ಅವಳು ಒಂದು ಚಿರೋಟಿ ತಿಂದು, ಬೆನ್ನು ನೋಯುತ್ತಿದೆ ಎಂದು ಹೋಗಿ ಮಲಗಿದಳು. ಕುರ್ಚಿ ಸರಿಯಿಲ್ಲ ಎಂದು ನಾನು ಹೊಸ ಕುರ್ಚಿ ತಂದೆ. ಡಿಸೆಂಬರಿನಲ್ಲಿ ಸ್ಕ್ಯಾನ್ ಆಯಿತು. ಮೇದೋಜೀರಕದಲ್ಲಿ ಗಡ್ಡೆ, ಯಕೃತ್ತಿಗೂ ಹರಡಿದೆ ಎಂದರು. ಆ ದಿನ ಅವಳೊಂದಿಗೆ ಒಳಗೆ ಹೋಗಲು ನನಗೆ ಬಿಡಲಿಲ್ಲ. ಪಾರ್ಕಿಂಗಿನಲ್ಲಿ ವ್ಯಾನಿನೊಳಗೆ ಕೂತಿದ್ದೆ. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಡಾಕ್ಟರ ಮೇಜಿನ ಮೇಲಿಟ್ಟಳು. ನನ್ನ ಜೀವನದ ಅತಿ ಕೆಟ್ಟ ಸುದ್ದಿಯನ್ನು ಗಾಜಿನ ಮೇಲಿನ ಮಳೆ ಒರೆಸುವ ವೈಪರ್ ನೋಡುತ್ತಾ ಕೇಳಿದೆ. ಎಷ್ಟು ಕಾಲ ಎಂದು ಕೇಳಿದ್ದು ಅವಳೇ. ಡಾಕ್ಟರು ತಿಂಗಳುಗಳ ಲೆಕ್ಕದಲ್ಲಿ ಹೇಳಿದರು.

ವ್ಯಾನು ಹತ್ತಿ ಬೆಲ್ಟ್ ಹಾಕಿಕೊಳ್ಳುತ್ತಾ ಅವಳು ಆಡಿದ ಮೊದಲ ಮಾತು, “ಸಿಮ್ಯುಲೇಶನ್ ಕ್ಯೂನಲ್ಲಿದೆ ಕಣೋ.”

ಅವಳು ಬರೆದಿದ್ದ ಪ್ರೋಗ್ರಾಮು ಆ ಪ್ಲಾಸ್ಮಾದ ಒಂದು ತುಣುಕನ್ನು ಕಂಪ್ಯೂಟರಿನೊಳಗೆ ಕಲಕಿ, ಬೀಜ ಬೆಳೆಯುವುದನ್ನು ಏರುವ ಗೆರೆಯಾಗಿ ತೋರಿಸುತ್ತಿತ್ತು; ಬೆಳವಣಿಗೆ ನಿಂತಾಗ ಗೆರೆ ಬಾಗುತ್ತದೆ. ಹಾಗೆ ಓಡಿಸುವುದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಸಣ್ಣ ಸಣ್ಣ ಓಟಗಳನ್ನೆಲ್ಲ ಮುಗಿಸಿದ್ದಳು. ಇದು ಕೊನೆಯದು, ದೊಡ್ಡದು. ಆದರೆ ಆ ಚಳಿಗಾಲದಲ್ಲಿ ವಿಶ್ವವಿದ್ಯಾಲಯದ ದೊಡ್ಡ ಯಂತ್ರದ ಸಾಲಿನಲ್ಲಿ ವೈರಸ್ಸಿನ ಲೆಕ್ಕಗಳೆಲ್ಲ ಮುಂದೆ ನಿಂತಿದ್ದವು. ಅವಳ ಪ್ರೊಫೆಸರ್, ಕಾರ್ಕ್ ಊರಿನ ಕಡೆಯ ಹಿರಿಯ ಹೆಂಗಸು, ತಾನೇ ಕೇಳಿ ಸಾಲು ಮುಂದೆ ಮಾಡಿಸುತ್ತೇನೆಂದು ಫೋನಿನಲ್ಲಿ ಅತ್ತರು. ಇವಳು ಒಪ್ಪಲಿಲ್ಲ.

“ಜನ ಸಾಯ್ತಿರೋದನ್ನ ತಡೆಯೋಕೆ ಲೆಕ್ಕ ಹಾಕೋರನ್ನ ಹಿಂದಕ್ಕೆ ತಳ್ಳಿ ನಾನು ಮುಂದೆ ನಿಂತ್ಕೊಳ್ಳಲ್ಲ,” ಎಂದು ನನಗೆ ಹೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, “ಆದ್ರೂ ಗೆರೆ ಬಾಗೋದನ್ನ ಒಂದ್ಸಲ ನೋಡ್ಬೇಕಿತ್ತು,” ಎಂದಳು.

ಬೇರೇನು ಬೇಕು ಎಂದು ಅವಳು ಹೇಳಿದ್ದರೂ ತರುತ್ತಿದ್ದೆ. ಅವಳು ಹೇಳಿದ್ದು ಇದನ್ನು. ಕಂಪ್ಯೂಟರು ತಾನೇ, ನನ್ನ ಕಸುಬು ಎಂದುಕೊಂಡೆ.

ಪಾರ್ಕ್‌ಮೋರಿನಲ್ಲಿ ವೈದ್ಯಕೀಯ ಉಪಕರಣಗಳನ್ನು ವಿನ್ಯಾಸ ಮಾಡುವ ಒಂದು ಆಫೀಸು ಖಾಲಿಯಾಗುತ್ತಿದೆ, ಅಲ್ಲಿ ಭಾರಿ ಕಂಪ್ಯೂಟರುಗಳಿವೆ ಎಂದು ಗೊತ್ತಾಯಿತು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮ ಇದ್ದ ಕಾಲ. ಕೆಲಸದ ಮೇಲೆ ಹೋಗುವವರಿಗೆ ವಿನಾಯಿತಿ, ಅದಕ್ಕೆ ಕಾಗದ ಬೇಕು. ನನ್ನ ಬಳಿ ಇತ್ತು. ದಾರಿಯಲ್ಲಿ ಪೊಲೀಸ್ ತಡೆದು ಎಲ್ಲಿಗೆ ಎಂದ. ಕಂಪ್ಯೂಟರ್ ತರಲು ಎಂದೆ. ಯಾರಿಗೆ ಎಂದ. ನನ್ನ ಹೆಂಡತಿ ಗೆಲಾಕ್ಸಿಗಳ ನಡುವೆ ಕಾಂತಕ್ಷೇತ್ರ ಬೆಳೆಸುತ್ತಾಳೆ ಎಂದೆ. ಅವನು ಕಾಗದ ನೋಡಿ, ನನ್ನ ಮುಖ ನೋಡಿ, “ಫೇರ್ ಪ್ಲೇ ಟು ಹರ್” ಎಂದು ಇಲ್ಲಿನವರ ಶಹಭಾಸ್ ಹೇಳಿ ಕೈಬೀಸಿ ಬಿಟ್ಟ.

ಆಫೀಸು ಖಾಲಿ ಮಾಡಿಸುತ್ತಿದ್ದವನು ಗಾಲ್ವೇಯ ದಪ್ಪ ಆಸಾಮಿ, ಮಾಸ್ಕು ಗಲ್ಲದ ಮೇಲೆ. ಮೂರು ಸಾವಿರದ ಐನೂರು ಎಂದ. ನಾನು ನಕ್ಕೆ. ನಗು ನನ್ನ ಮೊದಲ ಹತಾರ. ಎರಡನೆಯದು ಮೌನ. ಮೂರನೆಯದು ವ್ಯಾನಿನ ಬಾಗಿಲು ತೆಗೆದು, ನಿಧಾನಕ್ಕೆ ಹತ್ತಿ ಕೂರುವುದು. ಎರಡು ಸಾವಿರದ ಆರುನೂರಕ್ಕೆ ಇಳಿದ. ಇನ್ನೂ ಆರುನೂರು ಇಳಿಯುತ್ತಾನೆಂದು ಅವನ ನಿಲುವಿನಲ್ಲೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅವನು, “ಏನಕ್ಕೆ ಬೇಕು ಇವು ನಿನಗೆ? ಇಷ್ಟು ಹಳೇ ಭಾರದ ಪೆಟ್ಟಿಗೆಗಳನ್ನು ಯಾರೂ ಕೇಳುವುದಿಲ್ಲ,” ಎಂದ.

ಉತ್ತರ ಬಾಯಿಗೆ ಬಂತು. ಹೇಳಿದ್ದರೆ ಬಹುಶಃ ಸುಮ್ಮನೆ ಕೊಟ್ಟುಬಿಡುತ್ತಿದ್ದ. ಇಲ್ಲಿನವರ ಮನಸ್ಸು ಹಾಗೆ. ಆದರೆ ಅವಳ ಹೊಟ್ಟೆಯ ಗಡ್ಡೆಯನ್ನು ತಕ್ಕಡಿಗೆ ಹಾಕಿ ನಾನು ಮಾಲು ತರಲಾರೆ. “ಬೇಕು,” ಎಂದೆ. ಅವನು ಹೇಳಿದಷ್ಟು ಕೊಟ್ಟು ತುಂಬಿಸಿಕೊಂಡೆ. “ಗ್ರ್ಯಾಂಡ್,” ಎಂದು ಒಪ್ಪಿ ಅವನೇ ಹೊರಲು ಒಂದು ಕೈ ಕೊಟ್ಟ.

ಹಿಂದಿನ ಕೋಣೆಯಲ್ಲಿ ನಾಲ್ಕನ್ನೂ ಜೋಡಿಸಿದೆವು. ಎಲ್ಲಾ ಒಂದೇ ಪ್ಲಗ್ಗಿಗೆ ಹಾಕಿದರೆ ಮನೆಯ ಕರೆಂಟೇ ಹೋಗುತ್ತಿತ್ತು. ಅಡುಗೆಮನೆಯಿಂದ ಒಂದು, ಮಹಡಿಯಿಂದ ಒಂದು ಎಂದು ತಂತಿ ಎಳೆದೆ. ಅವಳು ಕಂಬಳಿ ಹೊದ್ದು, ಒಂದಿಡೀ ವಾರ ಕೂತು ಪ್ರೋಗ್ರಾಮನ್ನು ಈ ಹಳೇ ಯಂತ್ರಗಳಿಗೆ ಒಗ್ಗಿಸಿದಳು. ಓಟ ಶುರುವಾದ ಮೇಲೆ ಆ ಕೋಣೆ ಬಳ್ಳಾರಿಯಂತಾಯಿತು. ಹೀಟಿಂಗ್ ಆರಿಸಿದೆವು. ಐರ್ಲೆಂಡಿನಲ್ಲಿ ಚಳಿಗಾಲದಲ್ಲಿ ಬಟ್ಟೆ ಒಣಗಿಸುವ ಕಷ್ಟ ಇಲ್ಲಿದ್ದವರಿಗೇ ಗೊತ್ತು. ನಮ್ಮ ಬಟ್ಟೆಗಳು ಗೆಲಾಕ್ಸಿಗಳ ಬಿಸಿಯಲ್ಲಿ ಅರ್ಧ ದಿನಕ್ಕೆ ಗರಿಗರಿಯಾಗುತ್ತಿದ್ದವು. ಕೀಮೋ ಮುಗಿಸಿ ಬಂದ ದಿನಗಳಲ್ಲಿ ಅವಳಿಗೆ ಎಲ್ಲೆಲ್ಲೂ ಚಳಿ, ಅಲ್ಲಿ ಮಾತ್ರ ಹಿತ. ಅಲ್ಲೇ ಒಂದು ಮಂಚ ಹಾಕಿದೆ.

ತೆರೆಯ ಮೇಲೆ ಒಂದು ಗೆರೆ ಮೂಡುತ್ತಿತ್ತು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಕಾಂತಕ್ಷೇತ್ರದ ಶಕ್ತಿ. ಮೇಲಕ್ಕೆ ಒಂದೊಂದು ಮನೆ ಏರಿದರೂ ಹತ್ತು ಪಟ್ಟು. ಹಾಗೆ ಬರೆದಾಗ, ಮಡಚಿ ಮಡಚಿ ಬೆಳೆಯುವ ವಸ್ತು ನೇರ ಗೆರೆಯಾಗಿ ಕಾಣುತ್ತದೆ. ಎಲ್ಲಿ ಅದು ಬಾಗಿ ಮಟ್ಟಸವಾಗುತ್ತದೋ ಅದು ಅವಳು ಕಾಯುತ್ತಿದ್ದ ಜಾಗ. ಮೊದಲ ಕೆಲವು ದಿನ ಗೆರೆ ಕೆಳಕ್ಕೆ ಇಳಿಯಿತು. ಅವಳನ್ನು ಕರೆದು ತೋರಿಸಿದೆ. ಅವಳು, “ಇಳಿಯುತ್ತೆ ಕಣೋ ಮೊದ್ಲು. ಹೊಂದ್ಕೊಳ್ಳೋಕೆ ಬಿಡು,” ಎಂದಳು. ಆಮೇಲೆ ತಿರುಗಿ ಏರತೊಡಗಿತು. ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಹೋಗಿ ಅದನ್ನು ನೋಡುವುದು ನನಗೆ ಅಭ್ಯಾಸವಾಯಿತು.

ಏರುತ್ತಿತ್ತು, ಆದರೆ ನಿಧಾನ. ವ್ಯಾಪಾರಿಯ ತಲೆ ಸುಮ್ಮನಿರುತ್ತದೆಯೇ?

“ಡಾಕ್ಟ್ರೇ, ಒಂದ್ ಮಾತು. ಅಷ್ಟು ಸಣ್ಣ ಬೀಜದಿಂದ ಯಾಕೆ ಶುರು ಮಾಡ್ಬೇಕು? ಬಂಡವಾಳ ಸ್ವಲ್ಪ ಜಾಸ್ತಿ ಹಾಕು. ಬೇಗ ಮೇಲೆ ಹೋಗುತ್ತಲ್ವಾ?”

“ಹೋಗುತ್ತೆ.”

“ಮತ್ತೆ?”

“ಮತ್ತೇನು? ನಾನೇ ಹಾಕಿದ್ ದುಡ್ಡನ್ನ ಲಾಭ ಅಂತ ತೋರ್ಸಿದ್ ಹಾಗಾಗುತ್ತೆ. ಬಹುತೇಕ ಸೊನ್ನೆಯಿಂದ ಬರ್ಬೇಕು ಕಣೋ, ಅದೇ ವಿಷ್ಯ. ನಿನ್ ಎಸ್.ಪಿ. ರೋಡ್ ಬುದ್ಧಿ ಇಲ್ಲಿ ತರ್ಬೇಡ.”

“ಸರಿ, ಕಲಕೋ ಪ್ಲಾಸ್ಮಾ ತುಣುಕಾದ್ರೂ ಚಿಕ್ಕದ್ ಮಾಡು, ಲೆಕ್ಕ ಕಮ್ಮಿ ಆಗ್ಲಿ.”

“ಚಿಕ್ಕದಾದ್ರೆ ಬೆಳೆಯೋದೇ ಇಲ್ಲ. ಒಂದು ಮಟ್ಟಕ್ಕಿಂತ ಕಮ್ಮಿ ಕಲಕಿದ್ರೆ ದಾರ ಸವೆದು ಸವೆದು ಸತ್ತೋಗುತ್ತೆ. ಅದರ ಕೆಳಗೆ ಚೌಕಾಸಿ ಇಲ್ಲ. ಹೋಗು, ಮಜ್ಜಿಗೆ ತಗೊಂಬಾ.”

ನನಗೆ ಸಂತೋಷವಾಯಿತು. ಹಾಗೆ ಗದರುವವಳು ಇನ್ನೂ ತುಂಬಾ ದಿನ ಇರುತ್ತಾಳೆ ಅನ್ನಿಸಿತು.

ಮಾರ್ಚಿನ ಒಂದು ಮಧ್ಯಾಹ್ನ ಅಪರೂಪಕ್ಕೆ ಬಿಸಿಲು ಬಂದು, ಹಿಂದಿನ ಕೋಣೆಯ ಗೋಡೆಯ ಮೇಲೆ ಬಿದ್ದಿತ್ತು. ಅವಳು ಮಂಚದ ಮೇಲೆ ಒರಗಿ ಕೂತಿದ್ದಳು. ಕೈಗಳು ತೀರಾ ಸಣ್ಣಗಾಗಿದ್ದವು. ಬಳೆಯನ್ನು ಮೊಣಕೈ ತನಕ ಸರಿಸಿಕೊಂಡಿದ್ದಳು. ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ.

“ಸಾಹುಕಾರ.”

“ಹೂಂ?”

“ಬೀಜ ದೊಡ್ಡದ್ ಮಾಡೋಣ.”

ಎಸ್.ಪಿ. ರೋಡಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅಂಗಡಿಯವನು ತಾನಾಗಿ ಬೆಲೆ ಇಳಿಸಿದನೆಂದರೆ ಅಂಗಡಿ ಮುಚ್ಚುತ್ತಿದೆ ಎಂದೇ ಅರ್ಥ. ಅಂಥ ಅಂಗಡಿಗೆ ನಾನು ಮೊದಲು ಓಡುತ್ತಿದ್ದೆ. ಈಗ ಕೈಯಲ್ಲಿದ್ದ ಅವಳ ಸ್ವೆಟರನ್ನು ಹಿಡಿದುಕೊಂಡು ನಿಂತುಬಿಟ್ಟೆ.

“ಬೇಡ,” ಎಂದೆ.

“ಯಾಕೋ? ನೀನೇ ಹೇಳಿದ್ದಲ್ವಾ?”

“ನಾನು ನೂರು ಹೇಳ್ತೀನಿ. ಯಾವತ್ತಾದ್ರೂ ಕೇಳಿದೀಯಾ? ಈಗ್ಯಾಕೆ ಕೇಳ್ತೀಯ?”

“ಬಾ ಇಲ್ಲಿ.”

ಸ್ಟೀಲಿನ ಅಡಿಪಟ್ಟಿಯನ್ನು ತೆರೆಗೆ ಆನಿಸಿ ಹಿಡಿದಳು. ಗೆರೆ ಎಷ್ಟು ಏರಿತ್ತೋ ಅದೇ ಓರೆಯಲ್ಲಿ ಮುಂದಕ್ಕೆ, ಬಾಗಬೇಕಾದ ಎತ್ತರದ ತನಕ. ಅಲ್ಲಿಂದ ಬೆರಳನ್ನು ನೇರ ಕೆಳಕ್ಕೆ ತಂದಳು. ಮೇ ತಿಂಗಳ ಕೊನೆ. ಆಮೇಲೆ ಬೆರಳನ್ನು ಎಡಕ್ಕೆ ಜಾರಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದಳು. ಮೇಗಿಂತ ತುಂಬಾ ಈಚೆಗೆ.

“ನಾನು ಇಲ್ಲೀತನಕ,” ಎಂದಳು.

“ಯಾರ್ ಹೇಳಿದ್ರು?”

“ಯಾರೂ ಹೇಳ್ಬೇಕಾಗಿಲ್ಲ. ನನ್ ಮೈ ಅಲ್ವಾ?”

ನಾನು ಚೌಕಾಸಿಗೆ ಇಳಿದೆ. ಇನ್ನೆರಡು ಮಷಿನ್ ತರುತ್ತೇನೆ ಎಂದೆ. ತಂದರೂ ಅವು ಒಂದಕ್ಕೊಂದು ಮಾತಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ, ಹಿಡಿಯುವ ದಿನ ಅರ್ಧಕ್ಕೂ ಇಳಿಯುವುದಿಲ್ಲ ಎಂದಳು. ಪ್ರೊಫೆಸರಿಗೆ ಹೇಳಿ ಸಾಲು ಮುಂದೆ ಮಾಡಿಸೋಣ ಎಂದೆ. ಕಣ್ಣು ಮುಚ್ಚಿಕೊಂಡು ಬೇಡವೆಂದು ತಲೆಯಾಡಿಸಿದಳು. ಇನ್ನೊಬ್ಬ ಡಾಕ್ಟರನ್ನು ನೋಡೋಣ, ಇನ್ನೊಂದು ಔಷಧಿ ಇದೆಯಂತೆ ಎಂದೆ. ಅವಳು ಅಡಿಪಟ್ಟಿಯನ್ನು ಪಕ್ಕಕ್ಕಿಟ್ಟಳು. ಎದುರಿಗೆ ಕೂತವರು ಏನನ್ನೂ ಕೇಳದಿದ್ದರೆ ಚೌಕಾಸಿ ಮಾಡುವುದು ಹೇಗೆ? ನನ್ನ ಇಪ್ಪತ್ತು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು.

“ಬರೀ ನೋಡೋಕೆ ಕಣೋ,” ಎಂದಳು. “ಪೇಪರ್‌ಗಲ್ಲ. ಪೇಪರ್‌ಗೆ ಇದೇ ಮೊದಲನೇದು. ಅದನ್ನ ನಿಲ್ಸು, ಆದ್ರೆ ಅಳಿಸ್ಬೇಡ. ನಿಂತ ಜಾಗದಿಂದಾನೇ ಮತ್ತೆ ಓಡುತ್ತೆ.”

ಅವಳ ಸಿಮ್ಯುಲೇಶನ್ನು ದಿನಕ್ಕೊಂದು ಸಲ ತನ್ನ ಪೂರ್ತಿ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುತ್ತಿತ್ತು. ಕರೆಂಟು ಹೋದರೂ ಕೊನೆಯ ಸಲ ಬರೆದಿಟ್ಟ ಕಡೆಯಿಂದ ಮುಂದುವರಿಸಬಹುದು. ಅವಳು ಹೇಳಿದ ಹಾಗೆ ನಾನೇ ಒಂದು ಫೈಲಿನಲ್ಲಿ ಒಂದೇ ಒಂದು ಸಂಖ್ಯೆ ಬದಲಿಸಿದೆ. ಹಳೆಯ ಓಟ ನಿಂತಿತು. ಫ್ಯಾನುಗಳ ಸದ್ದು ಅಡಗಿ ಮನೆ ನಿಶ್ಶಬ್ದವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಸದನ್ನು ಶುರು ಮಾಡಿದೆ.

ಅದಾಗಿ ಸ್ವಲ್ಪ ದಿನಕ್ಕೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ವಾರ್ಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲಲ್ಲಿ ಚೀಲ ಕೊಟ್ಟು ಬರುತ್ತಿದ್ದೆ: ತೊಳೆದ ಬಟ್ಟೆ, ಅವಳು ಮುಟ್ಟದ ಗಂಜಿ. ದಿನಾ ಬೆಳಿಗ್ಗೆ ಗೆರೆಯ ಫೋಟೋ ತೆಗೆದು ಕಳಿಸುತ್ತಿದ್ದೆ. ಅವಳು ಬೈದು ಕಳಿಸುತ್ತಿದ್ದಳು. “ಓರೆಯಾಗಿ ತೆಗ್ದಿದೀಯ, ತೆರೆ ಎದುರು ನೆಟ್ಟಗೆ ನಿಂತ್ಕೋ.” “ಅಂಚು ಕತ್ತರಿಸ್ಬೇಡ, ಸಂಖ್ಯೆ ಕಾಣ್ಬೇಕು.” ಒಂದು ದಿನ ಬರೀ “ಹೂಂ”. ಮಾರನೇ ದಿನ ಏನೂ ಇಲ್ಲ.

ಗೆರೆ ಬಾಗಿದ್ದು ಒಂದು ಗುರುವಾರ. ಮೊದಲಿಗೆ ನಾನು ನಂಬಲಿಲ್ಲ. ಅವಳ ಅಡಿಪಟ್ಟಿ ಇಟ್ಟು ನೋಡಿದೆ. ಪಟ್ಟಿಗೂ ಗೆರೆಗೂ ನಡುವೆ ಸಂದು ಕಂಡಿತು, ಬೆರಳು ತೂರುವಷ್ಟು. ಫೋಟೋ ಕಳಿಸದೆ ಸೀದಾ ಆಸ್ಪತ್ರೆಗೆ ಹೋದೆ. ಬಾಗಿಲ ನರ್ಸು ನಿಯಮ ಹೇಳತೊಡಗಿದಳು. ನಾನು ವಾದಿಸಲಿಲ್ಲ. ಲ್ಯಾಪ್‌ಟಾಪ್ ತೆರೆದು ಗೆರೆ ತೋರಿಸಿದೆ, ಇದನ್ನು ನೋಡಲು ನನ್ನ ಹೆಂಡತಿ ಕಾಯುತ್ತಿದ್ದಾಳೆ ಎಂದೆ, ಅಷ್ಟೇ. ನರ್ಸಿಗೆ ಏನು ಅರ್ಥವಾಯಿತೋ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ನನಗೆ ಏಪ್ರನ್ನು, ಗ್ಲೌಸು, ಮಾಸ್ಕು ತೊಡಿಸಿ ಕರೆದುಕೊಂಡು ಹೋದಳು. ಹಾಗೆ ಬಿಟ್ಟರು ಎಂದರೆ ಏನರ್ಥ ಎನ್ನುವುದು ಕಾರಿಡಾರ್ ಅರ್ಧ ದಾಟಿದ ಮೇಲೆ ನನಗೆ ಹೊಳೆಯಿತು.

ಅವಳು ಮೊದಲು ನನ್ನನ್ನು ಗುರುತಿಸಲಿಲ್ಲ. “ಡಾಕ್ಟ್ರೇ” ಎಂದ ಮೇಲೆ ನಕ್ಕಳು. ತೆರೆಯನ್ನು ಅವಳ ಮುಖದ ಹತ್ತಿರ ಹಿಡಿದೆ. ತುಂಬಾ ಹೊತ್ತು ನೋಡಿದಳು. ಗ್ಲೌಸಿನ ಕೈಯಲ್ಲಿ ಅವಳ ಕೈ ಹಿಡಿದುಕೊಂಡಿದ್ದೆ.

“ಬಾಗಿದೆ,” ಎಂದಳು.

“ಬಾಗಿದೆ.”

“ನಾನ್ ಅಂದ್ಕೊಂಡಿದ್ದಕ್ಕಿಂತ ಸ್ವಲ್ಪ ಕೆಳಗೆ.”

“ತಪ್ಪಾ?”

“ಇಲ್ಲ ಇಲ್ಲ. ಚೆನ್ನಾಗಿದೆ.”

ಆಯಿತಲ್ಲ, ಬೇಕಾದ್ದು ಸಿಕ್ಕಿತಲ್ಲ ಎಂದು ನನ್ನ ಮನಸ್ಸು ಹಗುರವಾಗತೊಡಗಿತ್ತು. ಆಗ ಅವಳು, “ಬಾಗಿದ್ಮೇಲೆ ಏನಾಗುತ್ತೆ ಗೊತ್ತಾ?” ಎಂದಳು. “ಮಡಿಕೆಗಳು ಹಾಗೇ ಸಣ್ಣದಾಗಿ ಇರ್ತಾವಾ, ಇಲ್ಲಾ ಮೆಲ್ಲಗೆ ಸೇರ್ಕೊಂಡು ದೊಡ್ಡ ಸುರುಳಿ ಕಟ್ತಾವಾ? ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇದನ್ನ ಇನ್ನೂ ತುಂಬಾ ದಿನ ಓಡಿಸ್ಬೇಕು. ಇದರ ಹತ್ತರಷ್ಟು.”

“ಓಡಿಸೋಣ.”

“ಸಾಲಲ್ಲ ಕಣೋ,” ಎಂದಳು, ಮತ್ತು ಅತ್ತಳು. ಡಿಸೆಂಬರಿನಿಂದ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಇದನ್ನ ನೋಡಿದ್ರೆ ಸಾಕು ಅಂದ್ಕೊಂಡಿದ್ದೆ. ಸಾಲ್ತಿಲ್ಲ. ನಂಗೆ ಇನ್ನೂ ಬೇಕು.”

ಕೇಳಿದ ಮಾಲನ್ನು ತಂದುಕೊಟ್ಟಿದ್ದೆ. ಮಾಲು ಸರಿಯಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಬದುಕು. ಮಾಸ್ಕಿನೊಳಗೆ ನನ್ನ ಮೂಗು ಸೋರುತ್ತಿತ್ತು, ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದಳು. ಆಗಲೂ ನನ್ನನ್ನು ಒಳಗೆ ಬಿಟ್ಟಿದ್ದರು. ಕೈ ನನ್ನ ಕೈಯಲ್ಲೇ ಇತ್ತು. ಅಂತ್ಯಕ್ರಿಯೆಗೆ ಹತ್ತೇ ಜನ ಎಂಬ ನಿಯಮ. ಹತ್ತು ಜನವೂ ಆಗಲಿಲ್ಲ. ಅವಳ ಅಮ್ಮ ಮೈಸೂರಿನಿಂದ ಫೋನಿನಲ್ಲಿ ನೋಡಿದರು. ಪ್ರೊಫೆಸರು ಚಿತಾಗಾರದ ಪ್ರಾರ್ಥನಾ ಕೋಣೆಯ ಹೊರಗೆ ಆರಡಿ ದೂರ ನಿಂತು, ಮುಂದಕ್ಕೆ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು.

ಮನೆಗೆ ಬಂದರೆ ಹಿಂದಿನ ಕೋಣೆ ಬೆಚ್ಚಗಿತ್ತು. ಬಾಗಿದ ಗೆರೆ ಮಟ್ಟಸವಾಗಿ, ಸಣ್ಣಗೆ ನಡುಗುತ್ತಾ ಮುಂದಕ್ಕೆ ಹೋಗುತ್ತಲೇ ಇತ್ತು. ಆರಿಸಲು ಕೈ ಬರಲಿಲ್ಲ. ಕೆಲವು ದಿನ ಅದರ ಪಕ್ಕದಲ್ಲೇ ಮಲಗಿದೆ. ಆಮೇಲೆ ಅವಳು ಹೇಳಿದ್ದ ಹಾಗೆಯೇ ಮಾಡಿದೆ: ಅದನ್ನು ನಿಲ್ಲಿಸಿ, ನಿಂತಿದ್ದ ಮೊದಲನೆಯದನ್ನು ನಿಂತ ಜಾಗದಿಂದ ಓಡಿಸಿದೆ. ನನ್ನ ಸಂಖ್ಯೆ ಬದಲಿಸುವ ವಿದ್ಯೆ ಅಷ್ಟಕ್ಕೆ ಸಾಕಾಗಿತ್ತು. ಅದು ಏಪ್ರಿಲ್ ದಾಟಿತು, ಮೇ ದಾಟಿತು. ನಡುವೆ ನಿಲ್ಲಿಸಿದ್ದರಿಂದ ಅವಳ ಬೆರಳು ತೋರಿಸಿದ ಜಾಗಕ್ಕಿಂತ ಮುಂದಕ್ಕೆ ಹೋಗಿ ಜೂನಿನಲ್ಲಿ ಬಾಗಿತು. ಪ್ರೊಫೆಸರು ವಿಡಿಯೋದಲ್ಲಿ ಎರಡೂ ಗೆರೆಗಳನ್ನು ಒಂದರ ಮೇಲೊಂದಿಟ್ಟು ತೋರಿಸಿದರು. ದೊಡ್ಡ ಬೀಜದ್ದೂ, ಇಲ್ಲವೆನ್ನುವಷ್ಟು ಸಣ್ಣ ಬೀಜದ್ದೂ ಒಂದೇ ಎತ್ತರಕ್ಕೆ ಬಂದು ನಿಂತಿದ್ದವು. “ಬೀಜ ಎಷ್ಟೇ ಇರಲಿ, ಕೊನೆಯ ಎತ್ತರ ಒಂದೇ. ಅವಳು ಹೇಳಿದ್ದೇ ಇದು,” ಎಂದರು. ಲೇಖನ ಅವಳ ಹೆಸರಿನಲ್ಲೇ ಬಂತು. ನಾನು ಅದನ್ನು ಓದಲಾರೆ. ಚಿತ್ರ ಮಾತ್ರ ನೋಡುತ್ತೇನೆ.

ಸಲಹೆ ಕೊಡುವುದು ನನ್ನ ಚಾಳಿ. ಇಷ್ಟು ಓದಿದ್ದೀರಿ, ಇದನ್ನೂ ಕೇಳಿ. ಮನೆಯಲ್ಲಿ ಯಾರಿಗಾದರೂ ಹೀಗಾದರೆ, ಡಾಕ್ಟರು “ನೋಡೋಣ” ಎಂದರೆ ಬಿಡಬೇಡಿ; ವಾರಗಳೋ ತಿಂಗಳುಗಳೋ ಎಂದು ಬಿಡಿಸಿ ಕೇಳಿ, ಕಾಯಿಲೆಯವರ ಎದುರಿಗೇ ಕೇಳಿ. ಒಳಗೆ ಬಿಡುವುದಿಲ್ಲ ಎಂದರೆ ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಡಿ, ಏಕೆ ಹೋಗಬೇಕು ಎನ್ನುವುದನ್ನು ಒಂದೇ ಮಾತಿನಲ್ಲಿ ಹೇಳಿ, ಆಮೇಲೆ ಸುಮ್ಮನೆ ನಿಂತುಕೊಳ್ಳಿ. ಕಾಯಿಲೆಯವರ ಕೆಲಸ ಏನೆಂದು ಅವರಿಗೆ ಶಕ್ತಿ ಇರುವಾಗಲೇ ಹೇಳಿಸಿಕೊಳ್ಳಿ. ಎಲ್ಲಿ ನಿಲ್ಲಿಸಬೇಕು, ಹೇಗೆ ಮತ್ತೆ ಶುರು ಮಾಡಬೇಕು, ಅಷ್ಟಾದರೂ ನಿಮ್ಮ ಕೈಗೆ ಬರಲಿ. ಕೇಳಿದ್ದನ್ನು ತಂದುಕೊಟ್ಟ ಮೇಲೂ ಅವರು ಇನ್ನೂ ಬೇಕು ಎಂದರೆ ಸಮಾಧಾನ ಹೇಳಲು ಹೋಗಬೇಡಿ. ಏನು ಬೇಕು, ಮುಂದಿನದು ಯಾವುದು ಎಂದು ಕೇಳಿ. ಮಾಡಲಾಗದಿದ್ದರೂ ಕೇಳಿ. ನಾನು “ಓಡಿಸೋಣ” ಎಂದು ಬಾಯಿ ಮುಚ್ಚಿಸಿದೆ. ಕೇಳಿದ್ದರೆ ಅವಳು ಇನ್ನೊಂದು ಕಾಲು ಗಂಟೆ ಮಾತಾಡುತ್ತಿದ್ದಳು. ಮತ್ತೆ, ಆಸ್ಪತ್ರೆಗೆ ಚೀಲ ಕಟ್ಟುವಾಗ ಫೋನಿಗೆ ಎರಡು ಮೀಟರ್ ಉದ್ದದ ಚಾರ್ಜರ್ ತಂತಿ ಹಾಕಿ. ಅಲ್ಲಿನ ಪ್ಲಗ್ಗು ಹಾಸಿಗೆಯಿಂದ ದೂರ ಇರುತ್ತದೆ, ಮಲಗಿದವರ ಕೈಗೆ ಎಟಕುವುದಿಲ್ಲ.